ಪದ್ಮನ ಮುಖಕ್ಕೆ ಆಷಾಢದ ಆಫರ್

ಆಷಾಢ ಬಂತು ಅಂದರೆ ಬೆಂಗಳೂರಿನಲ್ಲಿ ಎಲ್ಲದಕ್ಕೂ ಡಿಸ್ಕೌಂಟು. ಸೀರೆಗೆ, ಸೋಫಾಗೆ, ವಾಷಿಂಗ್ ಮಿಷನ್ನಿಗೆ. ಮುಖದ ಚರ್ಮಕ್ಕೂ ಇದೆ ಅಂತ ನನಗೆ ಗೊತ್ತಾಗಿದ್ದು ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ, ನಮ್ಮ ಮಾಮೂಲಿ ಕಲ್ಲುಬೆಂಚಿನ ಮೇಲೆ.

ನಾವು ನಾಲ್ಕು ಜನ. ಹೆಸರಿಗೆ ವಾಕಿಂಗು. ಎರಡು ಸುತ್ತು ಕಾಲಲ್ಲಿ ನಡೆದು ಉಳಿದ ಆರು ಸುತ್ತನ್ನು ಕೂತಲ್ಲೇ ಬಾಯಲ್ಲಿ ಮುಗಿಸುವ ಪೈಕಿ. ಗಿರಿಜಕ್ಕ ದೊಡ್ಡವರು, ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟು ರಿಟೈರ್ ಆದವರು, ಈಗ ನಮಗೆ ಹೇಳಿಕೊಡುತ್ತಾರೆ, ನಾವು ಕೇಳಲಿ ಬಿಡಲಿ. ಶಾಹಿದಾ ನನ್ನ ಹಳೇ ಆಫೀಸಿನವಳು, ಬಾಯಿ ಬಿಟ್ಟರೆ ನಗು ಇಲ್ಲವೇ ಅಡುಗೆ. ಪದ್ಮ ನಮ್ಮ ಬೀದಿಯವಳು. ಅವಳ ಮಗನ ಮದುವೆ ಶ್ರಾವಣಕ್ಕೆ ಗೊತ್ತಾಗಿತ್ತು. ಅಲ್ಲಿಂದಲೇ ಶುರುವಾಯಿತು ಎಲ್ಲ.

"ನೋಡ್ರೇ ಇಲ್ಲಿ," ಅಂತ ಫೋನು ತೆಗೆದಳು. "ಆರ್‌ಎಫ್ ಅಂತೆ. ರೇಡಿಯೋ ಫ್ರೀಕ್ವೆನ್ಸಿ. ಆಪರೇಷನ್ ಇಲ್ಲ, ಸೂಜಿ ಇಲ್ಲ. ರೇಡಿಯೋ ತರಂಗ ಬಿಟ್ಟು ಮುಖ ಬಿಗಿ ಮಾಡ್ತಾರಂತೆ. ಆರು ಸಿಟ್ಟಿಂಗ್ ತಗೊಂಡ್ರೆ ಎರಡು ಫ್ರೀ. ಆಷಾಢ ಮುಗಿಯೋದ್ರೊಳಗೆ ಬುಕ್ ಮಾಡಬೇಕು."

"ಸಿಟ್ಟು ಜಾಸ್ತಿಯಾಗೇ ಅಲ್ವಾ ಮುಖ ಸುಕ್ಕಾಗಿದ್ದು," ಅಂದಳು ಶಾಹಿದಾ. "ಇನ್ನೂ ಎಂಟು ಸಿಟ್ಟಿಂಗ್ ಯಾಕೆ? ಅದಿರಲಿ, ಯಾವ ಸ್ಟೇಷನ್ನು ಹಾಕ್ತಾರೆ? ಪ್ರದೇಶ ಸಮಾಚಾರ ಹಾಕಿದ್ರೆ ಇರೋ ಸುಕ್ಕಿನ ಮೇಲೆ ಇನ್ನೊಂದು ಬೀಳುತ್ತೆ."

ನಾವು ನಕ್ಕು ಮುಗಿಸುವುದರೊಳಗೆ ಗಿರಿಜಕ್ಕ ಕನ್ನಡಕ ಹಾಕಿಕೊಂಡಿದ್ದರು. ಅವರು ಕನ್ನಡಕ ಹಾಕಿಕೊಂಡರೆ ಪೀರಿಯಡ್ ಶುರು ಅಂತ ಅರ್ಥ.

"ತರಂಗ ಬಿಡೋದಲ್ಲ ಅದು, ಕರೆಂಟು ಹರಿಸೋದು. ಬರೀ ಅದರ ವೇಗ ರೇಡಿಯೋದ್ದು. ನಮ್ಮ ಬೆಂಗಳೂರು ಆಕಾಶವಾಣಿ ಮೀಡಿಯಂ ವೇವ್ 612 ಕಿಲೋಹರ್ಟ್ಸ್, ವಿವಿಧ ಭಾರತಿ 102.9 ಮೆಗಾಹರ್ಟ್ಸ್. ಇವೆರಡರ ಮಧ್ಯೆ ಎಲ್ಲೋ ಒಂದು ಕಡೆ ಹೆಚ್ಚುಪಾಲು ಈ ಮಿಷನ್‌ಗಳೂ ಕೂತಿವೆ. ಥರ್ಮಾಜ್ ಅಂತ ಒಂದು ಬರುತ್ತೆ, ಅದು 6.78 ಮೆಗಾಹರ್ಟ್ಸ್. ಅಂದ್ರೆ ಒಂದು ಸೆಕೆಂಡಿಗೆ 67 ಲಕ್ಷದ 80 ಸಾವಿರ ಸುತ್ತು ಆ ಕಡೆ ಈ ಕಡೆ."

"ಮನೆ ಕರೆಂಟು?"

"50 ಸುತ್ತು. ಅದಕ್ಕೇ ಅದು ಹೊಡೆಯುತ್ತೆ. ಇಷ್ಟು ಬೇಗ ತಿರುಗೋದು ನರಗಳಿಗೆ ಗೊತ್ತೇ ಆಗಲ್ಲ. ಅವು ಬೆಚ್ಚಿ ಏಳೋದ್ರೊಳಗೆ ಕರೆಂಟು ವಾಪಸ್ ಹೋಗಿರುತ್ತೆ. ಫ್ರಾನ್ಸಿನ ದಾರ್ಸನ್ವಾಲ್ ಅನ್ನೋರು 1890ರ ದಶಕದಲ್ಲೇ ಇದನ್ನ ತೋರಿಸಿದ್ದಾರೆ. ಶಾಕ್ ಇಲ್ಲ, ಬಿಸಿ ಮಾತ್ರ."

"ನಮ್ಮ ಮನೆಯವರ ಥರ," ಅಂದಳು ಶಾಹಿದಾ. "ನಾನು ನಿಧಾನಕ್ಕೆ ಒಂದು ಮಾತಂದ್ರೆ ತಾಗುತ್ತೆ. ಉಸಿರು ಬಿಡದೆ ಬೈದ್ರೆ ಒಂದೂ ತಾಗಲ್ಲ. ಕಿವಿ ಬಿಸಿ ಆಗುತ್ತೆ ಅಷ್ಟೇ."

ಆಕಾಶವಾಣಿ ಅಂತ ಹೆಸರಿಟ್ಟವರೇ ನಮ್ಮವರು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ ಸ್ಟೇಷನ್ನಿಗೆ ಇಟ್ಟ ಹೆಸರದು. ಅದರ ದೂರದ ನೆಂಟ ಒಂದು ದಿನ ಪದ್ಮನ ಕೆನ್ನೆ ಸವರುತ್ತಾನೆ ಅಂತ ಅವರಿಗೆ ಕನಸೂ ಬಿದ್ದಿರಲಾರದು.

ಗಿರಿಜಕ್ಕ ವಂಶಾವಳಿ ಬಿಚ್ಚಿದರು. 1926ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹಾರ್ವಿ ಕುಶಿಂಗ್ ಅನ್ನುವ ಮೆದುಳಿನ ಸರ್ಜನ್ ಇದ್ದರಂತೆ. ಬೋವಿ ಅನ್ನುವವರು ಮಾಡಿಕೊಟ್ಟ ಇಂಥದ್ದೇ ಮಿಷನ್ ಇಟ್ಟುಕೊಂಡು ಆಪರೇಷನ್ ಮಾಡಿದರಂತೆ, ರಕ್ತ ಸೋರುವ ಕಡೆ ಬಿಸಿ ಮುಟ್ಟಿಸಿ ಮುಚ್ಚುವುದಕ್ಕೆ. ಈಗಲೂ ಆಪರೇಷನ್ ಥಿಯೇಟರಿನಲ್ಲಿ ಕಾಟರಿ ಅನ್ನುತ್ತಾರಲ್ಲ, ಅದು ಈ ಮುಖದ ಮಿಷನ್ನಿಗೆ ಅಜ್ಜ. "ನನ್ನ ಮಂಡಿಗೆ ಫಿಸಿಯೋಥೆರಪಿಯಲ್ಲಿ ಬಿಸಿ ಕೊಡ್ತಿದ್ರು ನೆನಪಿದೆಯಾ? ಶಾರ್ಟ್ ವೇವು, 27.12 ಮೆಗಾಹರ್ಟ್ಸ್. ಅದು ಚಿಕ್ಕಮ್ಮನ ಮಗಳು. ಪೇಸ್‌ಮೇಕರ್ ಹಾಕಿಸಿದ ಮೇಲೆ ಅದೂ ನಿಂತೋಯ್ತು. ಇದೂ ನನಗೆ ಆಗಲ್ಲ. ನನ್ನ ಎದೆಯಲ್ಲಿ ಆಗಲೇ ಒಂದು ಮಿಷನ್ ಸಂಸಾರ ಮಾಡ್ಕೊಂಡಿದೆ, ಸವತಿ ತಂದ್ರೆ ಕೆಟ್ಟು ಕೂರುತ್ತೆ."

"ಅಂದ್ರೆ ನನಗೆ ಆಗುತ್ತೆ!" ಅಂದಳು ಪದ್ಮ. ಇಷ್ಟು ಹೊತ್ತು ಕೇಳಿದ್ದರಲ್ಲಿ ಅವಳು ಆರಿಸಿಕೊಂಡಿದ್ದು ಇದೊಂದನ್ನೇ.

ಆದರೆ ಬಿಸಿ ಮಾಡಿದರೆ ಚರ್ಮ ಯಾಕೆ ಬಿಗಿಯಾಗಬೇಕು? ನನಗೂ ಇದು ಅರ್ಥವಾಗಿರಲಿಲ್ಲ. ಗಿರಿಜಕ್ಕ ಸುತ್ತಮುತ್ತ ನೋಡಿದರು, ಬೋರ್ಡ್ ಇರಲಿಲ್ಲ. ಶಾಹಿದಾಳ ಜಡೆ ಹಿಡಿದುಕೊಂಡರು.

"ಚರ್ಮದ ಒಳಪದರದಲ್ಲಿ ಕಾಲಜನ್ ಅಂತ ಇರುತ್ತೆ. ಮೂರೆಳೆ ಸೇರಿಸಿ ಹೆಣೆದ ಜಡೆ ಇದ್ದ ಹಾಗೆ. ಚರ್ಮನ ಎಳೆದು ನಿಲ್ಲಿಸಿರೋದೇ ಅದು. ಬಿಸಿ 60 ಡಿಗ್ರಿ ದಾಟಿದ್ರೆ ಹೆಣಿಗೆ ಸಡಿಲ ಆಗಿ ಜಡೆ ಮೋಟಾಗುತ್ತೆ, ದಪ್ಪ ಆಗುತ್ತೆ. ಆಮೇಲೆ ಮೈಗೆ, ಅಯ್ಯೋ ಇಲ್ಲಿ ಏನೋ ಗಾಯ ಆಯ್ತು ಅನ್ನಿಸಿ ಹೊಸ ಕಾಲಜನ್ ಹೆಣೆಯೋಕೆ ಶುರು ಮಾಡುತ್ತೆ. ಅಸಲಿ ಲಾಭ ಅದು."

"ಓ, ಪಾಯಾ!" ಅಂದಳು ಶಾಹಿದಾ, ಜಡೆ ಬಿಡಿಸಿಕೊಳ್ಳುತ್ತಾ. "ಕಾಲು ಸೂಪು ರಾತ್ರಿಯೆಲ್ಲ ಕುದಿಸಿ ಫ್ರಿಜ್ಜಲ್ಲಿಟ್ರೆ ಬೆಳಗ್ಗೆ ಗಟ್ಟಿಯಾಗಿ, ಪಾತ್ರೆ ತಟ್ಟಿದ್ರೆ ಥಳಥಳ ಅಲ್ಲಾಡುತ್ತಲ್ಲ. ಅದೇ ತಾನೇ?"

"ಅದೇ. ಕಾಲಜನ್ ಕುದ್ದು ಜೆಲಟಿನ್ ಆಗಿರುತ್ತೆ."

ಪದ್ಮ ಮಡಿ ಮನೆಯ ಹೆಣ್ಣು. "ಬೆಳಗಾಗೆದ್ದು ನನ್ನ ಮುಖನ ಕಾಲು ಸೂಪಿಗೆ ಹಾಕಬೇಡ್ರೇ," ಅಂತ ಅಲವತ್ತುಕೊಂಡಳು. ಗಿರಿಜಕ್ಕ ಪಾಪ ಅವಳಿಗೋಸ್ಕರ ಸಸ್ಯಾಹಾರಿ ಉದಾಹರಣೆ ಹುಡುಕಿದರು. "ಸರಿ, ಹಪ್ಪಳ ತಗೋ. ಬಿಸಿ ಎಣ್ಣೆಗೆ ಬಿದ್ದ ತಕ್ಷಣ ಮುದುಡಿಕೊಳ್ಳಲ್ವಾ?"

"ಮುದುಡಿದ್ರೆ ಸುಕ್ಕಾಗುತ್ತಲ್ಲಕ್ಕ?"

ಇಷ್ಟು ವರ್ಷದಲ್ಲಿ ಗಿರಿಜಕ್ಕ ಸುಮ್ಮನಾದದ್ದು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ಒಂದು ನಿಮಿಷ. ಒಂದು ನಾಯಿ ಬಂದು, ನಮ್ಮನ್ನು ನೋಡಿ, ಹೋಯಿತು.

ಆಮೇಲೆ ಹೋಳಿಗೆಗೆ ಬಂದರು. ಅದು ಸರಿಹೋಯಿತು. ಹೋಳಿಗೆ ಕೈಗೆ ತಣ್ಣಗಿರುತ್ತೆ, ಕಚ್ಚಿದರೆ ಒಳಗಿನ ಹೂರಣ ನಾಲಿಗೆ ಸುಡುತ್ತೆ. ಇಲ್ಲಿಯೂ ಹಾಗೆ. ಮೇಲಿನ ಚರ್ಮವನ್ನು 40, 42 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಂಡು, ಕೆಲವು ಮಿಷನ್ನಿನಲ್ಲಿ ತಣ್ಣನೆ ಸ್ಪ್ರೇ ಹೊಡೆದುಕೊಂಡು, ಒಳಗಿನ ಪದರಕ್ಕೆ ಹೆಚ್ಚು ಬಿಸಿ ಇಳಿಸುವುದು. ಕರೆಂಟಿಗೆ ಮಾಂಸ, ಕೊಬ್ಬು, ಚರ್ಮ ಎಲ್ಲ ಅಡ್ಡ ನಿಲ್ಲುತ್ತೆ, ಆ ತಡೆಯಿಂದಲೇ ಬಿಸಿ ಹುಟ್ಟುತ್ತೆ. ಬಲ್ಬಿನ ತಂತಿಯ ಲೆಕ್ಕವೇ.

"ಇನ್ನೊಂದು ಒಳ್ಳೇ ಗುಣ ಇದೆ," ಅಂದರು. "ಲೇಸರ್ ಬಣ್ಣ ಹುಡುಕಿಕೊಂಡು ಹೋಗುತ್ತೆ, ಅದಕ್ಕೇ ನಮ್ಮಂಥ ಕಂದು ಚರ್ಮಕ್ಕೆ ಹುಷಾರಾಗಿ ಹಾಕಬೇಕು, ಕಲೆ ಉಳಿಯಬಹುದು. ಈ ಕರೆಂಟಿಗೆ ಬಣ್ಣದ ಗೊಡವೆ ಇಲ್ಲ. ಬಿಳುಪೋ ಕಪ್ಪೋ ಕೇಳಲ್ಲ."

"ಗಂಡಿನ ಕಡೆಯವರಿಗಿಂತ ವಾಸಿ," ಅಂದಳು ಶಾಹಿದಾ. ಪದ್ಮ ಗಂಡಿನ ಕಡೆಯವಳು ಅನ್ನುವುದು ನಮಗೆ ನೆನಪಾಗಿದ್ದು ಅವಳು ದುರುಗುಟ್ಟಿ ನೋಡಿದ ಮೇಲೆ.

ಈಗ ಮುಖ್ಯ ವಿಷಯ. ನಾನು ಸುಮ್ನೆ ಕೇಳಿದೆ, "ಹೊಸ ಕಾಲಜನ್ ಬರೋಕೆ ಎಷ್ಟು ದಿನ ಹಿಡಿಯುತ್ತೆ ಅಕ್ಕ?"

"ದಿನ ಅಲ್ಲ, ತಿಂಗಳು. ಎರಡು ಮೂರು ತಿಂಗಳಿಗೆ ಕಾಣೋಕೆ ಶುರು, ಆರು ತಿಂಗಳವರೆಗೂ ಸ್ವಲ್ಪ ಸ್ವಲ್ಪ ನಡೀತಾನೇ ಇರುತ್ತೆ. ಮಾಡಿದ ತಕ್ಷಣ ಕೆಂಪಗೆ ಊದಿಕೊಂಡು ಮುಖ ತುಂಬಿಕೊಂಡ ಹಾಗಿರುತ್ತೆ. ಅದು ಊತ, ಇಳಿದುಹೋಗುತ್ತೆ."

ಶಾಹಿದಾ ಬೆರಳು ಮಡಚಿ ಎಣಿಸಿದಳು. ಆಷಾಢ, ಶ್ರಾವಣ, ಭಾದ್ರಪದ, ಆಶ್ವಯುಜ. ನಮ್ಮ ತಿಂಗಳುಗಳು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತವೆ. "ಮದುವೆ ಶ್ರಾವಣಕ್ಕೆ. ಮುಖ ಬಿಗಿ ಆಗೋದು ದೀಪಾವಳಿಗೆ. ಪದ್ಮಾ, ಮದುಮಗನಿಗೆ ಹೇಳಿ ಒಂದು ಮೂರು ತಿಂಗಳು ಮುಂದಕ್ಕೆ ಹಾಕ್ಸು."

ಆಫರ್ ಯಾವಾಗ ಇಟ್ಟಿದ್ದಾರೆ, ಮದುವೆ ಯಾವಾಗ ಇರುತ್ತವೆ, ಫಲ ಯಾವಾಗ ಬರುತ್ತೆ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದಿದ್ದರೆ ಆ ಜಾಹೀರಾತಿಗೆ ಒಬ್ಬಳೂ ಫೋನ್ ಮಾಡುತ್ತಿರಲಿಲ್ಲ. ಮಿಷನ್ ಸುಳ್ಳು ಹೇಳುವುದಿಲ್ಲ, ಹೇಳಿದರೆ ಪಂಚಾಂಗವೇ ಹೇಳಬೇಕು ಅಂತ ನನ್ನ ತೀರ್ಮಾನ.

ಗಿರಿಜಕ್ಕ ಪದ್ಮನ ತೋಳು ಹಿಡಿದು ರವಿಕೆಯ ತೋಳನ್ನು ಎರಡು ಇಂಚು ಮೇಲೆ ಸರಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ಬಟ್ಟೆಯ ಕೆಳಗಿನ ಚರ್ಮ ತಿಳಿಯಾಗಿ, ನುಣ್ಣಗೆ, ಒಂದು ಚುಕ್ಕೆ ಇಲ್ಲದೆ ಇತ್ತು. ಗೆರೆ ಎಳೆದ ಹಾಗೆ ಅದರ ಕೆಳಗೆ ಶುರುವಾಗಿತ್ತು ಇನ್ನೊಂದು ಚರ್ಮ, ಕಂದು, ಒರಟು, ಹತ್ತಿರದಿಂದ ನೋಡಿದರೆ ಹಳೇ ಚೀಲದ ಮೇಲಿರುತ್ತಲ್ಲ ಅಂಥ ಸಣ್ಣ ಸಣ್ಣ ಚೌಕಗಳು. "ಎರಡಕ್ಕೂ ವಯಸ್ಸು ಒಂದೇ. ಇದರ ವ್ಯತ್ಯಾಸ ಪೂರ್ತಿ ಬಿಸಿಲಿಂದು," ಅಂದರು. "ವರ್ಷಗಟ್ಟಲೆ ಸ್ಕೂಟಿಯಲ್ಲಿ ಸಿಲ್ಕ್ ಬೋರ್ಡಿಗೆ ಹೋಗಿ ಬಂದಿದ್ದೀಯ. ಕಾಲಜನ್ ಕೆಡಿಸೋರಲ್ಲಿ ಬಿಸಿಲೇ ದೊಡ್ಡ ಕಳ್ಳ. ಸನ್‌ಸ್ಕ್ರೀನ್ ಹಚ್ಚು ಅಂದ್ರೆ ನಗ್ತಿದ್ದೆ."

"ಕಾಲಜನ್ ಕ್ರೀಮ್ ಹಚ್ತಿದ್ದೆನಲ್ಲ?"

"ಅದರ ಕಣ ದೊಡ್ಡದು, ಚರ್ಮದೊಳಗೆ ಇಳಿಯಲ್ಲ. ಮೇಲೆ ಕೂತು ಒಣಗದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೇ. ಪಾಯಾ ಕುಡಿದ್ರೂ ಅದು ಕೆನ್ನೆ ವಿಳಾಸ ಕೇಳ್ಕೊಂಡು ಹೋಗಲ್ಲ, ಹೊಟ್ಟೆಯಲ್ಲಿ ಜೀರ್ಣ ಆಗಿ ಚೂರುಚೂರಾಗುತ್ತೆ."

"ನಮ್ಮ ನಾದಿನಿಗೆ ಇದನ್ನ ಹೇಳಬೇಡಿ," ಅಂದಳು ಶಾಹಿದಾ. "ಚರ್ಮಕ್ಕೆ ಒಳ್ಳೇದು ಅಂತ ಎರಡು ಬಟ್ಟಲು ಕುಡೀತಾಳೆ. ರುಚಿಗೆ ಅಂತ ಗೊತ್ತಾದ್ರೆ ಮೂರು ಕುಡೀತಾಳೆ."

ಇಷ್ಟೆಲ್ಲ ಕೇಳಿಯೂ ಪದ್ಮ ಬುಕ್ ಮಾಡಿದಳು. ಎಂಟಕ್ಕೆ ಅಲ್ಲ, ಚೌಕಾಸಿ ಮಾಡಿ ಮೂರಕ್ಕೆ. ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೆ ಜಗಳ ಆಡುವವಳ ಹತ್ತಿರ ಆ ಕೌನ್ಸೆಲರ್ ಹುಡುಗಿ ಯಾವ ಲೆಕ್ಕ? ಜೊತೆಗೆ ನಾನು ಹೋಗಿದ್ದೆ. ಹನುಮಂತನಗರದ ಕಡೆ ಒಂದು ಕ್ಲಿನಿಕ್ಕು, ಹೆಸರು ಬೇಡ. ಗೋಡೆ ತುಂಬ ಫೋಟೋ. ಮೊದಲಿನ ಫೋಟೋದ ಹೆಂಗಸು ಆಗ ತಾನೇ ಕರೆಂಟ್ ಬಿಲ್ ನೋಡಿದ ಹಾಗಿದ್ದಳು. ಆಮೇಲಿನ ಫೋಟೋದಲ್ಲಿ ಅವಳೇ ಗದ್ದ ಎತ್ತಿಕೊಂಡು, ಲಿಪ್‌ಸ್ಟಿಕ್ ಹಚ್ಚಿಕೊಂಡು, ಮಗಳಿಗೆ ಮೆಡಿಕಲ್ ಸೀಟು ಸಿಕ್ಕ ಹಾಗೆ. ಬೆಳಕೂ ಬೇರೆ. ಹೀಗೆ ಫೋಟೋ ತೆಗೆದರೆ ಪಾರ್ಕಿನ ಆ ಕಲ್ಲುಬೆಂಚಿಗೂ ಹತ್ತು ವರ್ಷ ಕಮ್ಮಿ ಮಾಡಬಹುದು.

ಒಂದು ಫಾರಂ ಕೊಟ್ಟರು. ಪೇಸ್‌ಮೇಕರ್ ಇದೆಯಾ, ಮೈಯಲ್ಲಿ ಲೋಹದ ರಾಡು ಇದೆಯಾ, ಗರ್ಭಿಣಿಯಾ? "ಇನ್ನೇನು ಸೊಸೆ ಬರ್ತಿದ್ದಾಳಮ್ಮ, ಅವಳನ್ನ ಕೇಳು," ಅಂದಳು ಪದ್ಮ.

ಲೋಹ ಅಂದರೆ ಒಡವೆಯೂ ಹೌದು. ಓಲೆ ಬಂತು. ತಾಳಿ ತೆಗೆದು ಕಣ್ಣಿಗೊತ್ತಿ ನನ್ನ ಕೈಗೆ ಕೊಟ್ಟಳು, ಒಂದು ಗಂಟೆ ಪದ್ಮನ ಸೌಭಾಗ್ಯ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಚಿಲ್ಲರೆ ಜೊತೆ ಇತ್ತು. ಮೂಗುಬಟ್ಟು ಮಾತ್ರ ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು, 28 ವರ್ಷ ತೆಗೆದಿಲ್ಲ. ನರ್ಸು ತಿರುಪು ಹಿಡಿದು ಪ್ರಯತ್ನಿಸಿದಳು, ಆಮೇಲೆ ಸೋಪು, ಆಮೇಲೆ ಎದುರಿನ ಅಂಗಡಿಯಿಂದ ಕೊಬ್ಬರಿ ಎಣ್ಣೆ ತರಿಸಿ ನಾನು. ಪದ್ಮನ ಕಣ್ಣಲ್ಲಿ ನೀರು. ಕೊನೆಗೆ ತಿರುಪು ಕಿರ್ ಅಂದು ಒಂದು ಸುತ್ತು ತಿರುಗಿತು, ಎರಡು ಸುತ್ತು, ಟಣ್ ಅಂತ ವಾಷ್ ಬೇಸಿನ್ನಿಗೆ ಬಿತ್ತು. ನನ್ನ ಬೆರಳು ತೂತಿಗೆ ಅಡ್ಡ ಇರದಿದ್ದರೆ ಅತ್ತೆ ಕೊಟ್ಟ ವಜ್ರ ಅವತ್ತೇ ವೃಷಭಾವತಿ ಸೇರುತ್ತಿತ್ತು.

ಮುಖಕ್ಕೆ ಗಂಜಿಯಂಥ ಜೆಲ್ ಬಳಿದರು. ಬೆನ್ನಿಗೆ ಒಂದು ತಣ್ಣನೆ ಪ್ಯಾಡು ಅಂಟಿಸಿದರು. ಕರೆಂಟು ಮಿಷನ್ನಿನ ಹಿಡಿಯಿಂದ ಮುಖಕ್ಕೆ ಹೊಕ್ಕು ಬೆನ್ನಿನ ಪ್ಯಾಡಿನಿಂದ ಹೊರಗೆ ಬರುತ್ತಂತೆ, ಇದು ಮಾನೋಪೋಲಾರ್. ಬೈಪೋಲಾರ್ ಆದರೆ ಹೋಗುವ ದಾರಿ ಬರುವ ದಾರಿ ಎರಡೂ ಹಿಡಿಯಲ್ಲೇ, ಪ್ಯಾಡು ಬೇಡ, ಅಷ್ಟು ಆಳಕ್ಕೂ ಇಳಿಯಲ್ಲ. ಹುಡುಗಿ ಹಿಡಿಯನ್ನು ಕೆನ್ನೆ ಮೇಲೆ ದೋಸೆ ಹುಯ್ದ ಹಾಗೆ ಸುತ್ತಿಸುತ್ತಿದ್ದಳು, ಸ್ಕ್ರೀನಿನ ಮೇಲೆ 38, 39, 40.

"ಆಂಟಿ, ಬಿಸಿ ಎಷ್ಟಿದೆ? ಹತ್ತಕ್ಕೆ ಎಷ್ಟು ಕೊಡ್ತೀರಾ?"

"ಪರವಾಗಿಲ್ಲಮ್ಮ."

"ಅಂದ್ರೆ ನಾಲ್ಕಾ, ಐದಾ?"

"ಪರವಾಗಿಲ್ಲ ಬಿಡಮ್ಮ, ನಿನ್ನ ಕೆಲಸ ನೀನು ಮಾಡು."

ಇಲ್ಲೇ ಇದೆ ನೋಡಿ ತೊಂದರೆ. ಇಡೀ ಚಿಕಿತ್ಸೆಯ ಸುರಕ್ಷತೆ ನಿಂತಿರುವುದು ಮಲಗಿದವಳು ನಿಜ ಹೇಳುತ್ತಾಳೆ ಅನ್ನುವ ನಂಬಿಕೆಯ ಮೇಲೆ. ಮೊದಮೊದಲು ಒಂದೇ ಸಲಕ್ಕೆ ಜೋರು ಬಿಸಿ ಕೊಡುತ್ತಿದ್ದರಂತೆ, ಕೆಲವರಿಗೆ ಒಳಗಿನ ಕೊಬ್ಬು ಕರಗಿ ಕೆನ್ನೆಯಲ್ಲಿ ಗುಳಿ ಬಿದ್ದವಂತೆ. ಆಮೇಲೆ ಬಿಸಿ ತಗ್ಗಿಸಿ, ಸುತ್ತು ಜಾಸ್ತಿ ಮಾಡಿ, ಕೇಳಿ ಕೇಳಿ ಮಾಡುವುದು ರೂಢಿಯಾಯಿತು. ಅಮೆರಿಕದವರು ಮಾಡಿದ ರೂಢಿ. ಅಲ್ಲಿ ಬಿಸಿಯಾದರೆ ಬಿಸಿ ಅನ್ನುತ್ತಾರೆ. ಇಲ್ಲಿ? ಬಸ್ಸಿನಲ್ಲಿ ಕಾಲು ತುಳಿದರೂ ಪರವಾಗಿಲ್ಲ, ನೆಂಟರು ರಾತ್ರಿ ಹನ್ನೊಂದಕ್ಕೆ ಬಂದರೂ ಪರವಾಗಿಲ್ಲ, ಕಾಫಿಗೆ ಉಪ್ಪು ಬಿದ್ದಿದ್ದರೂ ಪರವಾಗಿಲ್ಲ. ಈ ಪದ ಹತ್ತಕ್ಕೆ ಎಷ್ಟು ಅಂತ ಯಾವ ಮಿಷನ್ ಹೇಳೀತು?

ನಾನು ಪದ್ಮನ ಕಾಲು ನೋಡಿದೆ. ಎರಡೂ ಹೆಬ್ಬೆರಳು ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದ್ದವು. ಕೈ ಸೀರೆ ಸೆರಗನ್ನು ಹಿಂಡುತ್ತಿತ್ತು.

"ಏನಮ್ಮ, ಇವಳು ಪರವಾಗಿಲ್ಲ ಅಂದ್ರೆ ಎಂಟು ಅಂತ ಬರ್ಕೊ. ಸುಮ್ಮನಿದ್ರೆ ಒಂಬತ್ತು. ರಾಮ ರಾಮ ಅಂದ್ರೆ ಮಿಷನ್ ಆಫ್ ಮಾಡು."

ಹುಡುಗಿ ಜಾಣೆ, ತಕ್ಷಣ ತಗ್ಗಿಸಿದಳು. ಹೆಬ್ಬೆರಳು ನಿಧಾನಕ್ಕೆ ಕೆಳಗಿಳಿದವು. ಮುಂದಿನ ಎರಡು ಸಿಟ್ಟಿಂಗಿನಲ್ಲೂ ಅವಳು ಮುಖ ನೋಡದೆ ಕಾಲೇ ನೋಡಿಕೊಂಡು ಮಾಡಿದಳು.

ಹೊರಡುವಾಗ ಕೌನ್ಸೆಲರ್ ಹುಡುಗಿ ಸೂಜಿ ಇರುವ ಆರ್‌ಎಫ್ ಬಗ್ಗೆ ಆಸೆ ಹುಟ್ಟಿಸಿದಳು. ಸಣ್ಣ ಸೂಜಿಗಳು ಚರ್ಮದೊಳಗೆ ಇಳಿದು ಅಲ್ಲೇ ಬಿಸಿ ಬಿಡುತ್ತವೆ, ಗುಣ ಇನ್ನೂ ಜಾಸ್ತಿ ಅಂತ. ಇದನ್ನು ಗಿರಿಜಕ್ಕನಿಗೆ ಹೇಳಿದರೆ ಅವರು ನಗಲಿಲ್ಲ. 2025ರಲ್ಲಿ, ಔಷಧಿ ಮತ್ತು ವೈದ್ಯಕೀಯ ಮಿಷನ್ನುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ, ಸುಟ್ಟ ಗಾಯ, ಕಲೆ, ಕೊಬ್ಬು ಕರಗೋದು, ನರಕ್ಕೆ ಪೆಟ್ಟು, ಎಲ್ಲ ಆದ ದೂರು ಬಂದಿವೆ ಅಂದರು. "ಮಾಡಿಸಲೇಬೇಕು ಅಂದ್ರೆ ಚರ್ಮದ ಡಾಕ್ಟ್ರೇ ಮಾಡಬೇಕು. ಫೇಶಿಯಲ್ ಮಾಡೋ ಕಡೆ ಮಧ್ಯೆ ಇದನ್ನೂ ಒಂದು ಸೇರಿಸ್ಕೊಂಡಿದ್ರೆ ಚಪ್ಪಲಿ ಹಾಕ್ಕೊಂಡು ಎದ್ದು ಬಾ."

ಮದುವೆ ಆಯಿತು. ಪದ್ಮನ ಮುಖ ಯಾವತ್ತಿನ ಹಾಗೇ ಇತ್ತು. ಬೀಗಿತ್ತಿ ಅವಳ ಸೀರೆ ನೋಡಿದಳು, ನೆಂಟರು ಪಾಯಸ ನೋಡಿದರು, ಗಂಡ ಅಡುಗೆಯವರ ಬಿಲ್ ನೋಡಿದರು. ಮುಖವನ್ನು ಯಾರೂ ನೋಡಲಿಲ್ಲ. ಎಲ್ಲರೂ ಕೇಳಿದ್ದು ಒಂದೇ, "ಮೂಗುಬಟ್ಟು ಎಲ್ರೀ?" ತೂತು ಊದಿಕೊಂಡು ವಾಪಸ್ ಹಾಕಲು ಆಗಿರಲಿಲ್ಲ. ಫೋಟೋಗ್ರಾಫರ್ ಹುಡುಗ ಕಂಪ್ಯೂಟರಿನಲ್ಲಿ ಒಂದೇ ಕ್ಲಿಕ್ಕಿಗೆ ಎಲ್ಲರ ಸುಕ್ಕನ್ನೂ ಬಿಟ್ಟಿಯಾಗಿ ಒರೆಸಿಕೊಟ್ಟಿದ್ದ, ಪದ್ಮನ ತೊಂಬತ್ತು ವರ್ಷದ ಸೋದರತ್ತೆಯದೂ ಸೇರಿ. ಆ ಆಲ್ಬಂ ಪದ್ಮ ಈಗಲೂ ಮನಸಿಟ್ಟು ನೋಡುವುದಿಲ್ಲ.

ಭಾದ್ರಪದ ಹೋಯಿತು, ದಸರಾ ಹೋಯಿತು. ಪಾರ್ಕಿನಲ್ಲಿ ದಿನಾ ಒಂದು ತಪಾಸಣೆ. ಬೆಳಕಿಗೆ ತಿರುಗು, ಆ ಕಡೆ ತಿರುಗು. ಶಾಹಿದಾಗೆ ಏನೂ ಕಾಣಲಿಲ್ಲ. ಗಿರಿಜಕ್ಕ ದವಡೆಯ ಅಂಚು ಸ್ವಲ್ಪ ಚೊಕ್ಕವಾಗಿದೆ ಅಂದರು. ನಿಜ ಹೇಳಬೇಕು ಅಂದರೆ ನನಗೂ ಒಂಚೂರು ಹಾಗನ್ನಿಸಿತ್ತು. ಬಾಯಿಯ ಪಕ್ಕ ಇಳಿಬಿದ್ದಿದ್ದ ಮಡಿಕೆ ಅರ್ಧ ದಾರಿ ವಾಪಸ್ ಹೋದ ಹಾಗೆ. ಆದರೆ ದುಡ್ಡು ಎಷ್ಟು ಅಂತ ಗೊತ್ತಿರುವ ಕಣ್ಣಿಗೆ ಏನು ಬೇಕಾದರೂ ಕಾಣುತ್ತೆ, ಅದಕ್ಕೇ ಬಾಯಿ ಬಿಡಲಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ ಗಾಂಧಿ ಬಜಾರಿಗೆ ಹೋಗಿದ್ದೆವು. ಹೂವಿನವಳು ಪದ್ಮನಿಗೆ ಹತ್ತು ಹದಿನೈದು ವರ್ಷದ ಪರಿಚಯ. ಮೊಳ ಹಾಕುತ್ತಿದ್ದವಳು ಕೈ ನಿಲ್ಲಿಸಿ ಪದ್ಮನ ಮುಖ ದಿಟ್ಟಿಸಿದಳು.

"ಯಾಕಮ್ಮ ಹಿಂಗೆ ಸೊರಗಿಬಿಟ್ಟಿದ್ದೀರಾ? ಕೆನ್ನೆ ಎಲ್ಲೋಯ್ತು? ಸೊಸೆ ಬಂದ್ಮೇಲೆ ಊಟ ಸರೀಗಾಗ್ತಿಲ್ವಾ?"

ಪದ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು, ಬಳೆ ಒಡೆಯುವ ಹಾಗೆ. "ಸೊರಗಿದ್ದೀನಂತೆ ಕಣೇ! ಕೇಳಿಸ್ತಾ? ಸೊರಗಿದ್ದೀನಂತೆ!" ಮೊಳಕ್ಕೆ ಎಷ್ಟು ಅಂತಲೂ ಕೇಳದೆ ಆರು ಮೊಳ ಕಟ್ಟಿಸಿಕೊಂಡಳು, ಕೊಟ್ಟ ನೋಟಿಗೆ ಚಿಲ್ಲರೆಯನ್ನೂ ಬೇಡ ಅಂದಳು.

ಹೂವಿನವಳು ನಿಜವಾಗಿಯೂ ಗಾಬರಿಯಾದಳು. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ಡಾಕ್ಟ್ರಿಗೆ ತೋರಿಸಿದ್ದೀರಾ ತಾನೇ?"